ರಸ್ತೆ ಕಡೆಯ ಖೋಲಿ ಮತ್ತು ಆಟದ ಮಷಿನ್‌ಗಳು

ನಾನು ಮೊದಲ ಸಲ ಮನೆ ಬಿಟ್ಟು ಹೋದದ್ದು ಕಾರಹುಣ್ಣಿಮೆಯ ಮರುದಿನ, ಮಂಗಳವಾರ, ಗಣಿತದ ಪಿರಿಯಡ್ಡಿನ ನಡುವೆ. ನೀರು ಕುಡಿದು ಬರ್ತೇನಿ ಅಂತ ಎದ್ದವನು ಹುನಗುಂದದ ಸಾಲಿಯ ನಳ ದಾಟಿ, ಗೇಟು ದಾಟಿ, ಇಳಕಲ್ಲಿನ ಬಸ್ಸು ಹತ್ತಿಬಿಟ್ಟೆ. ಅವತ್ತು ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತಿದ್ದ ಮಾಸ್ತರರು ಬೇರೆ ಯಾರೂ ಅಲ್ಲ, ನನ್ನ ಅಕ್ಕನ ಗಂಡ. ಸಾಲಿಯಲ್ಲಿ ಸರ್, ಮನೆಯಲ್ಲಿ ಮಾಮಾ. ಅವರ ಕೈಯಲ್ಲಿ ಹುಡುಗ ತಿದ್ದಿಯಾನು ಅಂತಲೇ ಕಮತಗಿಯಿಂದ ನಮ್ಮಪ್ಪ ನನ್ನನ್ನು ಅಕ್ಕನ ಮನೆಗೆ ಕಳಿಸಿದ್ದ.

ಮೂರು ದಿನ ಇಳಕಲ್ಲಿನ ವಿಡಿಯೊ ಗೇಮಿನ ಅಂಗಡಿಯಲ್ಲಿದ್ದೆ. ಶುಕ್ರವಾರ ಸಂಜೆ ಮಾಮಾ ಕಿವಿ ಹಿಡಿದು ಕರೆತಂದರು. "ಮೂರು ದಿನಾ ಬಿಸಲಾಗ ಓಣಿ ಓಣಿ ಹುಡುಕೇನಿ, ಚಪ್ಲಿ ಸವದು ಹೋದ್ವು," ಅಂತ ಅಕ್ಕನ ಮುಂದೆ ಹೇಳಿದರು. ಅಕ್ಕ ಅವರಿಗೊಂದು ಲೋಟ ಮಜ್ಜಿಗೆ ಕೊಟ್ಟಳು, ನನಗೆ ಬೆನ್ನಿಗೆರಡು ಕೊಟ್ಟಳು. ಆ ಮೂರು ದಿನದ ಹುಡುಕಾಟವನ್ನು ಅವಳು ಇವತ್ತಿಗೂ ಮರೆತಿಲ್ಲ. ನಾನು ತಲೆ ತಗ್ಗಿಸಬೇಕಾದಾಗಲೆಲ್ಲ ಅದನ್ನೇ ತೆಗೆಯುತ್ತಾಳೆ.

ಮುಂದೆ ಒಂಬತ್ತನೆಯ ಇಯತ್ತೆಯನ್ನೂ ಮುಗಿಸದೆ ಕಾಯಂ ಆಗಿ ಸಾಲಿ ಬಿಟ್ಟೆ. ಹುಬ್ಬಳ್ಳಿ, ಸೊಲ್ಲಾಪುರ, ಗೋವಾ ಅಂತ ತಿರುಗಿದೆ. ಗೇಮಿನ ಅಂಗಡಿ, ಟಿವಿ ರಿಪೇರಿ, ಮೊಬೈಲ್ ರಿಪೇರಿ ಎಲ್ಲ ಆಯಿತು. ಎಲ್ಲಿ ಹೋದರೂ ನನಗೆ ನಗುವಂಥದ್ದೇ ಏನಾದರೊಂದು ಆಗುತ್ತದೆ. ನಾನು ಹುಡುಕಿಕೊಂಡು ಹೋಗುವುದಿಲ್ಲ, ಅವೇ ವಿಳಾಸ ಕೇಳುತ್ತ ಬರುತ್ತವೆ. ವಿಳಾಸವೇ ಇಲ್ಲದವನನ್ನು ಹೇಗೆ ಪತ್ತೆ ಹಚ್ಚುತ್ತವೋ, ಅವಕ್ಕೇ ಗೊತ್ತು.

೧. ಷರತ್ತು

ಈ ವರ್ಷ ಮುಂಗಾರಿನ ಹೊತ್ತಿಗೆ ವಾಪಸು ಬಂದೆ. ಮಾಮಾ ನಿವೃತ್ತರಾಗಿ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಮನೆ ಕಟ್ಟಿಕೊಂಡಿದ್ದಾರೆ. ಅದರಲ್ಲಿ ರಸ್ತೆ ಕಡೆ ಬಾಗಿಲಿರುವ ಒಂದು ಸಣ್ಣ ಖೋಲಿ. ಅಲ್ಲಿ ನನ್ನ ಟ್ರಂಕು. ಅಪ್ಪ ಅವ್ವ ಹೋಗಿ, ಕಮತಗಿಯ ಮನೆ ಬೇರೆಯವರ ಪಾಲಾದ ಮೇಲೆ ನನಗೆ ಊರು ಅಂತ ಉಳಿದದ್ದು ಆ ಟ್ರಂಕು ಇಟ್ಟಷ್ಟು ಜಾಗ. ಆಧಾರ್ ಕಾರ್ಡಿನಲ್ಲಿಯೂ ಅದೇ.

ಬಂದ ದಿನವೇ ಮಾಮಾ ಮಾತು ತೆಗೆದರು. ನಾನು ಎದುರಿಗೇ ಕೂತಿದ್ದರೂ ನನಗೆ ಹೇಳುವುದನ್ನೆಲ್ಲ ಅಕ್ಕನಿಗೆ ಹೇಳುವುದು ಅವರ ರೂಢಿ.

"ನಿನ್ನ ತಮ್ಮಗ ಹೇಳು. ಆ ಖೋಲಿ ಟ್ಯೂಶನ್‌ದವರು ಕೇಳಾಕತ್ತಾರ. ಬೆಂಚ್ ಸುದ್ದಾ ತಂದಿಟ್ಟಾರ. ವರ್ಷಕ್ಕ ಹತ್ತ ದಿನಾ ಬರಾವನ ಟ್ರಂಕ್ ಕಾಯಾಕ ನಾ ಮನಿ ಕಟ್ಟಿಲ್ಲ."

"ಈ ಸಲ ನಿಲ್ತಾನ್ರಿ," ಅಂದಳು ಅಕ್ಕ.

"ಇವನಾ? ಒಂದ ಪಿರಿಯಡ್ ಮುಗಿಯೂತನ ನಿಂತಾವಲ್ಲ!"

ಅಕ್ಕನಿಗೆ ರೋಷ ಬಂತು. "ದಸರಾ ತನಕ ನಿಲ್ತಾನ. ಎಲ್ಲೇ ಹೋದ್ರೂ ದಿನಾ ದೀಪ ಹಚ್ಚೂದರೊಳಗ ಮನಿ ಸೇರ್ತಾನ. ಒಂದ ದಿನಾ ತಪ್ಪಿದ್ರೂ ಖೋಲಿ ಟ್ಯೂಶನ್‌ದವರಿಗಿ ಕೊಟ್ಟುಬಿಡ್ರಿ, ನಾ ಸೊಲ್ಲ ಎತ್ತೂದಿಲ್ಲ. ನಿಂತ್ರ ಮಾತ್ರ ಆ ಖೋಲಿ ಅವಂದು. ಆಮ್ಯಾಲ ಇದ್ದರ ಇರಲಿ, ಹೋದರ ಹೋಗಲಿ."

ನನ್ನನ್ನು ಯಾರೂ ಕೇಳಲಿಲ್ಲ. ಷರತ್ತು ಆಗಿಹೋಯಿತು.

"ಏನ್ ಉದ್ಯೋಗ ಮಾಡ್ತಾನಂತ?" ಅಂದರು ಮಾಮಾ.

ನಾನೇ ಹೇಳಿದೆ. ಕೈಯಲ್ಲಿ ಹಿಡಿದು ಆಡುವ ಕಂಪ್ಯೂಟರುಗಳು ಬಂದಿವೆ, ಎರಡೂ ಕಡೆ ಗುಂಡಿ, ನಡುವೆ ಪರದೆ. ಮಂದಿ ಆಸೆಯಿಂದ ಕೊಳ್ಳುತ್ತಾರೆ, ಆದರೆ ಬಹಳಷ್ಟರ ಒಳಗೆ ಇರುವುದು ಆಫೀಸಿನ ಕಂಪ್ಯೂಟರಿನ ವ್ಯವಸ್ಥೆಯೇ. ಆಟ ಬರುವ ಮೊದಲು ಅದು ಇಪ್ಪತ್ತು ಪ್ರಶ್ನೆ ಕೇಳುತ್ತದೆ. ಅದನ್ನು ತೆಗೆದು, ಲಿನಕ್ಸ್ ಅನ್ನುವ ಪುಕ್ಕಟೆ ತಂತ್ರಾಂಶದ ಮೇಲೆ ಆಟಕ್ಕೆಂದೇ ಕಟ್ಟಿದ ವ್ಯವಸ್ಥೆ ಹಾಕಿದರೆ ಆನ್ ಮಾಡಿದ ಕೂಡಲೇ ಆಟ. ಮೊದಲು ಅದು ಅದನ್ನು ಕಟ್ಟಿದ ಕಂಪನಿಯ ಮಷಿನ್ನಿನಲ್ಲಿ ಮಾತ್ರ ಇರುತ್ತಿತ್ತು. ಈಗ ಹೊರಬಿದ್ದಿದೆ. ಬೇರೆ ಕಂಪನಿಯ ಮಷಿನ್, ಹಳೆಯ ಲ್ಯಾಪ್‌ಟಾಪ್, ಟಿವಿ ಹಿಂದೆ ಇಡುವ ಸಣ್ಣ ಡಬ್ಬಿ, ಎಲ್ಲಿ ಹಾಕಿದರೂ ಹೊಂದಿಕೊಳ್ಳುತ್ತದೆ. ಪೆನ್‌ಡ್ರೈವಿನಲ್ಲಿ ಒಯ್ದು ಹಾಕಿಕೊಡುವುದು ನನ್ನ ಕೆಲಸ.

ಅಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಪೂರ್ತಿ ಕೇಳಿದಳು.

"ಅಂದ್ರ ಹುಟ್ಟಿದ ಮನಿ ಬಿಟ್ಟು, ಕಂಡಕಂಡವರ ಮನಿ ಹೊಕ್ಕು, ಎಲ್ಲಿ ಹೋದ್ರೂ ಅಲ್ಲೇ ಹೊಂದಿಕೊಂಡು ಬಿಡೂದು. ಇದನ್ನ ಮಾಡಿದಾವ್ರು ನಿನ್ನ ನೋಡಿ ಮಾಡ್ಯಾರೇನು?"

೨. ಮಲಗಿದ ಪರದೆ

ಮೊದಲ ಗಿರಾಕಿ ಕಲಾದಗಿಯ ಒಬ್ಬ ದಾಳಿಂಬೆ ಬೆಳೆಯುವ ಗೌಡರು. ಮಷಿನ್ ಮಗನದಿರಬೇಕು ಅಂದುಕೊಂಡು "ತಮ್ಮಾ ಎಲ್ಲಿದ್ದಾನ್ರಿ?" ಅಂತ ಕೇಳಿದೆ. "ಯಾವ ತಮ್ಮ? ನಂದ ಇದು," ಅಂದರು.

ಕೆಲವು ಕೈಮಷಿನ್‌ಗಳಿಗೆ ಮೊಬೈಲಿನ ಪರದೆಯನ್ನೇ ಅಡ್ಡ ಮಲಗಿಸಿ ಕೂರಿಸಿರುತ್ತಾರೆ. ಹೊಸ ವ್ಯವಸ್ಥೆಗೆ ಅದು ಗೊತ್ತಿರುವುದಿಲ್ಲ, ಅದು ತನ್ನ ಪಾಡಿಗೆ ಉದ್ದಕ್ಕೆ ಚಿತ್ರ ತೋರಿಸುತ್ತದೆ. ಗೌಡರ ಮಷಿನ್ನಿನಲ್ಲಿ ಎಲ್ಲ ಸರಿ ಬಂತು. ಸದ್ದು ಬಂತು, ಗುಂಡಿ ಒತ್ತಿದರೆ ಕೇಳಿತು, ಚಿತ್ರ ಮಾತ್ರ ಅಡ್ಡ ಬಿದ್ದಿತ್ತು. ಎಷ್ಟು ತಿಣುಕಿದರೂ ಏಳಲಿಲ್ಲ. ಆ ಕಡೆ ಬಿಸಿಲು ಇಳಿಯುತ್ತಿತ್ತು. ನನಗೆ ದೀಪದ ಚಿಂತೆ.

"ಗೌಡರ, ಇದಕ್ಕ ತಿದ್ದುಪಡಿ ಬರೂದೈತಿ. ವಾರ ಬಿಟ್ಟು ಬಂದು ಸರಿ ಮಾಡ್ತೇನಿ."

"ಏನ್ ತಪ್ಪೈತಿ ಇದರಾಗ?"

"ಚಿತ್ರ ಅಡ್ಡ ಮಲಗೇತಲ್ರಿ."

"ಅದು ಮಲಗಿದ್ರ ನಾನೂ ಮಲಗ್ತೇನಿ," ಅಂದವರೇ ಅಂಗಳದ ಹೊರಸಿನ ಮೇಲೆ ಒಂದು ಮಗ್ಗುಲಾಗಿ ಒರಗಿದರು. ಮಷಿನ್ ನೆಟ್ಟಗೆ ಹಿಡಿದರು. "ಈಗ ನೋಡು, ಹೆಂಗ ಕಾಣತೈತಿ!"

ವಾರ ಬಿಟ್ಟು ತಿದ್ದುಪಡಿ ತಗೊಂಡು ಹೋದೆ. ಅಂಗಳದಲ್ಲಿ ಎರಡು ಹೊರಸು. ಒಂದರ ಮೇಲೆ ಗೌಡರು, ಇನ್ನೊಂದರ ಮೇಲೆ ಅವರ ಹೆಂಡತಿ. ಇಬ್ಬರೂ ಒಂದೇ ಮಗ್ಗುಲಿಗೆ ಮಲಗಿ, ಆಟದೊಳಗಿನ ಓಡುವ ಕಾರು ನೋಡುತ್ತಿದ್ದರು.

"ಕೊಡ್ರಿ, ನೆಟ್ಟಗ ಮಾಡಿಕೊಡ್ತೇನಿ."

"ಬ್ಯಾಡೋ ಮಾರಾಯಾ," ಅಂದರು ಗೌಡರು. "ಬೆನ್ನಿಗಿ ದಿನಾ ಎರಡ ತಾಸು ಮಲಗ್ರಿ ಅಂತ ದವಾಖಾನ್ಯಾಗ ಹೇಳಿ ವರ್ಷ ಆತು. ಒಂದ ದಿನಾ ಮಲಗಿದ್ದಿಲ್ಲ. ಈಗ ಮಲಗಾಕತ್ತೇನಿ, ಬೆನ್ನ ಹಗರ ಆಗೇತಿ. ನೀ ಚಿತ್ರ ಎಬ್ಬಿಸಿದ್ರ ನಾನೂ ಎದ್ದು ಕುಂಡ್ರಬೇಕಾಗ್ತೈತಿ."

ಗೌಡತಿ ಮಲಗಿದಲ್ಲಿಂದಲೇ ಕೂಗಿದರು. "ಆ ಕಡಿ ಮಗ್ಗಲಕ್ಕೂ ಒಂದು ಹಾಕಿಕೊಡಾಕ ಬರ್ತೈತೇನ ಕೇಳ್ರಿ. ಈ ಮಗ್ಗಲ ಜೋಂ ಹಿಡದೈತಿ!"

೩. ಹೆಸರಿಲ್ಲದ ಗಿರಾಕಿ

ನಮ್ಮ ಎದುರು ಮನೆಯಲ್ಲಿ ಒಬ್ಬ ಕಾಕಾ ಇದ್ದಾರೆ, ನಿವೃತ್ತ ಪೋಸ್ಟ್‌ಮನ್. ಒಂದು ಮಧ್ಯಾಹ್ನ, ಅಕ್ಕ ದೇವಸ್ಥಾನಕ್ಕೆ ಹೋದ ಹೊತ್ತು ನೋಡಿ, ಟವೆಲ್ಲಿನಲ್ಲಿ ಏನೋ ಸುತ್ತಿಕೊಂಡು ಖೋಲಿಗೆ ಬಂದರು. ಬಿಚ್ಚಿದರೆ ಒಂದು ಕೈಮಷಿನ್. ಯಾರೋ ಕಾಲೇಜು ಹುಡುಗ ಆಡಿ ಬಿಟ್ಟದ್ದು, ಹಿಂದುಗಡೆ ಅರ್ಧ ಕಿತ್ತುಹೋದ ಹಳದಿ ಸ್ಟಿಕ್ಕರು.

"ಯಾರದ್ರಿ ಕಾಕಾ ಇದು?"

"ಅದೊಂದ ಕೇಳಬ್ಯಾಡ. ಮೂವತ್ತು ವರ್ಷ ಮಂದಿ ಪತ್ರ ಹಂಚೇನಿ. ಯಾರು ಬರದಾರ, ಏನ್ ಬರದಾರ ಅಂತ ಒಬ್ಬರ ಮುಂದ ಬಾಯಿ ಬಿಟ್ಟಿಲ್ಲ."

ಜೊತೆಗೊಂದು ಚೀಟಿ. ಪೆನ್ಸಿಲಿನಲ್ಲಿ, ಅಚ್ಚು ಒತ್ತಿದಂಥ ಬಿಡಿ ಅಕ್ಷರ. "ದತ್ತ: ಮಷಿನ್ ಆನ್ ಆಗುತ್ತದೆ. ಅಕ್ಷರ ಇರುವೆಯಷ್ಟು ಸಣ್ಣವು. ಸಾಧನೀಯ: ಆನ್ ಮಾಡಿದ ಕೂಡಲೇ ಆಟ ಬರಬೇಕು."

ದತ್ತ, ಸಾಧನೀಯ ಅಂದರೆ ಏನೋ ನನಗೆ ಗೊತ್ತಿರಲಿಲ್ಲ. ಕೋರ್ಟು ಕಚೇರಿಯ ಭಾಷೆ ಇದ್ದೀತು, ಯಾರೋ ನಿವೃತ್ತ ಜಡ್ಜ್ ಸಾಹೇಬರಿರಬೇಕು ಅಂತ ಮರ್ಯಾದೆಯಿಂದ ಹೊಸ ವ್ಯವಸ್ಥೆ ಹಾಕಿ, ಬಟ್ಟೆಯಿಂದ ಒರೆಸಿ ಕಳಿಸಿದೆ.

ನಾಲ್ಕು ದಿನಕ್ಕೆ ಮತ್ತೆ ಬಂತು. "ದತ್ತ: ದಿಕ್ಕು ತಿರುಗಿಸುವ ಎಡಗಡೆಯ ಕೋಲು ಮುಟ್ಟದಿದ್ದರೂ ಬಲಕ್ಕೆ ವಾಲುತ್ತದೆ. ಸಾಧನೀಯ: ವಾಲಬಾರದು." ಸರಿ ಮಾಡಿದೆ.

ಮತ್ತೊಂದು ವಾರಕ್ಕೆ ಬಂತು. "ದತ್ತ: ವಿಮಾನದ ಆಟದಲ್ಲಿ ಮೂರನೆಯ ಹಂತಕ್ಕೆ ಹೋದಾಗಲೆಲ್ಲ ವಿಮಾನ ಸುಟ್ಟುಹೋಗುತ್ತದೆ. ಸಾಧನೀಯ: ಸುಡಬಾರದು."

ಅದು ಹಳೆಯ ಕಾಲದ ಆಟ. ನಾನು ಇಳಕಲ್ಲಿನ ಅಂಗಡಿಯಲ್ಲಿ ಕಂಡಿದ್ದೆ. ಚೀಟಿಯ ಹಿಂದೆ ವಿನಯದಿಂದ ಬರೆದೆ: "ಸಾಹೇಬರೇ, ಇದು ಮಷಿನ್ನಿನ ದೋಷವಲ್ಲ. ಆಡುವವರ ಕೈ."

ಕಾಕಾ ಅರ್ಧ ತಾಸಿನಲ್ಲಿ ಉತ್ತರ ತಂದರು. ಎರಡೇ ಮಾತು. "ಸಾಧಿಸಿಲ್ಲ. ಪುನಃ ಬಿಡಿಸು."

೪. ಧೈರ್ಯಸ್ಥ

ಬಾದಾಮಿಯ ಒಬ್ಬ ಗೈಡು ಮೇಣಬಸದಿ ಗುಹೆಗಳ ಮೆಟ್ಟಿಲ ಕೆಳಗೆ ಪ್ರವಾಸಿಗರಿಗೆ ಕಾಯುವಾಗ ಆಡಲಿಕ್ಕೆ ಅಂತ ಮಷಿನ್ ತಗೊಂಡಿದ್ದ. ಹೊಸ ವ್ಯವಸ್ಥೆ ಹಾಕುವಾಗ ಒಂದು ಪ್ರಶ್ನೆ ಬರುತ್ತದೆ: ಒಳಗಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ? ಅಲ್ಲಿ ಮಾಲೀಕನ ಕೈಯಿಂದಲೇ 'ಹೌದು' ಒತ್ತಿಸುವುದು ನನ್ನ ಪದ್ಧತಿ.

"ಎಲ್ಲಾ ಅಂದ್ರ ಎಲ್ಲಾ ಹೋಗ್ತೈತೇನ್ರಿ?"

"ಬೇಕಾದ್ದು ತಗದು ಬ್ಯಾರೆ ಕಡೆ ಇಟ್ಟೇವಲ್ಲೋ. ಒತ್ತು."

"ಚಹಾ ಕುಡದು ಒತ್ತತೇನಿ."

ಚಹಾ ಆಯಿತು. ಮನೆಗೆ ಫೋನು ಮಾಡಿ ಕೇಳಿದ. ಗೆಳೆಯನಿಗೆ ಫೋನು ಮಾಡಿದ. ಆರುನೂರನೆಯ ಇಸವಿಯ ಚಾಲುಕ್ಯರ ಬಗ್ಗೆ ತಡವರಿಸದೆ ತಾಸುಗಟ್ಟಲೆ ಹೇಳುವವನು ಒಂದು ಗುಂಡಿಯ ಮುಂದೆ ಎರಡು ತಾಸು ಕೂತ. ಕೊನೆಗೆ ಮಷಿನ್ ಮೆಟ್ಟಿಲ ಮೇಲಿಟ್ಟು ಕಣ್ಣು ಮುಚ್ಚಿ ಕೈ ಮುಗಿಯುವಷ್ಟರಲ್ಲಿ ಒಂದು ಮಂಗ್ಯಾ ಬಂದು ಎತ್ತಿಕೊಂಡು ಗೋಡೆ ಏರಿತು. ತಿರುಗಿಸಿ ನೋಡಿತು, ಮೂಸಿತು, ಹೆಬ್ಬೆಟ್ಟಿನಿಂದ ಒತ್ತಿತು. ಮಷಿನ್ ಗುರ್ರ್ ಅಂತ ನಡುಗಿದ್ದೇ ತಡ, ಕೆಳಗೆ ಬಿಟ್ಟು ಓಡಿಹೋಯಿತು. ನಾನು ಅಂಗಿ ಚಾಚಿ ಹಿಡಿದೆ. ನೋಡಿದರೆ ಹೊಸ ವ್ಯವಸ್ಥೆ ಒಳಗಿಳಿಯುತ್ತಿತ್ತು.

ನನ್ನ ಇಷ್ಟು ವರ್ಷದ ಗಿರಾಕಿಗಳಲ್ಲಿ ಯಾರನ್ನೂ ಕೇಳದೆ 'ಹೌದು' ಒತ್ತಿದ್ದು ಅದೊಂದೇ.

೫. ಕೊಂಡಿ

ದಸರಾಕ್ಕೆ ವಾರವಿತ್ತು. ಇಳಕಲ್ಲಿನಿಂದ ಒಬ್ಬ ಸೀರೆ ನೇಯುವವನು ಫೋನು ಮಾಡಿದ. ಇಳಕಲ್ಲು ಅಂದ ಕೂಡಲೇ ನನ್ನ ಕಾಲು ಚಪ್ಪಲಿ ಹುಡುಕಿದವು. ಕಾಕಾ ತಂದುಕೊಟ್ಟ ಜಡ್ಜ್ ಸಾಹೇಬರ ಮಷಿನ್ನೂ ಚೀಲದಲ್ಲಿತ್ತು. ಬಿಡುವಾದಾಗ ಅಲ್ಲೇ ಅದಕ್ಕೂ ಹೊಸ ತಿದ್ದುಪಡಿ ಹಾಕೋಣ ಅಂತ ಒಯ್ದೆ.

ವಿಡಿಯೊ ಗೇಮಿನ ಅಂಗಡಿ ಇದ್ದ ಓಣಿಯಲ್ಲೇ ನೇಕಾರನ ಮನೆ. ಅಂಗಡಿ ಇದ್ದಲ್ಲಿ ಈಗ ಸೀರೆಯ ಗೋದಾಮು. ಕದ ಮಾತ್ರ ಅದೇ ಹಸಿರು ಕದ. ಹೊರಗಿನ ಖೋಲಿಯಲ್ಲಿ ಮೂರು ಟಿವಿ, ಪರದೆ ಸರಿಸಿದರೆ ಒಳಗಿನ ಖೋಲಿಯಲ್ಲಿ ಎರಡು. ಆಟ ನಿಂತರೆ ಕ್ಯಾಸೆಟ್ ಕಿತ್ತು ಬುಡಕ್ಕೆ ಊದುವುದು ನನ್ನ ಕೆಲಸವಾಗಿತ್ತು. ಊದಿದರೆ ಎಂಥ ಆಟವೂ ಏಳುತ್ತಿತ್ತು. ಈಗಿನ ಮಷಿನ್‌ಗಳಿಗೆ ಎಲ್ಲಿ ಊದಬೇಕೋ ತಿಳಿಯುವುದಿಲ್ಲ.

ನೇಕಾರ ನನ್ನ ಮುಖ ನೋಡಿದವನೇ ಗುರುತು ಹಿಡಿದ. "ಲೇ, ಊದೂ ಹುಡುಗ ಅಲ್ಲೇನ ನೀ? ನಾ ಹೊರಗಿನ ಖೋಲಿಯ ಗಿರಾಕಿ."

ಕೆಲಸ ಶುರು ಮಾಡಿದೆ. ಅವನಿಗೊಂದು ಸಂಶಯ. "ಆಟ ಬ್ಯಾರೆ ವ್ಯವಸ್ಥಾಕ್ಕ ಮಾಡಿದ್ದು ಅಂತಿ, ಕೆಳಗ ಹಾಸೂದು ಈ ಲಿನಕ್ಸು. ಎರಡೂ ಹೆಂಗ ಕೂಡ್ತಾವು?"

ಇದನ್ನು ನಾನು ಯಾರಿಗೂ ತಿಳಿಯುವಂತೆ ಹೇಳಿದ್ದಿಲ್ಲ. ನಡುವೆ ಒಂದು ಪದರು ಇರ್ತೈತಿ, ಅದು ಇದರ ಮಾತು ಅದಕ್ಕ ತಿಳಿಸ್ತೈತಿ ಅಂತ ಏನೇನೋ ತೊದಲಿದೆ. ಅವನು ಮಗ್ಗದ ಮೇಲಿನ ಸೀರೆ ತೋರಿಸಿದ. "ಇಷ್ಟ ಏನು? ನೋಡು, ಉದ್ದಕ್ಕ ಹಾಸೂ ಎಳಿಯೊಳಗ ಮೈ ಒಂದ ಹಾಸು, ಸೆರಗು ಒಂದ ಹಾಸು. ಎರಡೂ ಬ್ಯಾರೆ. ನಡಕ ಒಂದೊಂದ ಎಳಿಗೂ ಕೊಂಡಿ ಹಾಕಿ ಕೂಡಿಸ್ತೇವಿ. ಉಟ್ಟಾಕಿಗಿ ಗೊತ್ತ ಆಗೂದಿಲ್ಲ. ಕೊಂಡಿ ಅನ್ನು, ಮುಗೀತು."

ಅವತ್ತಿನಿಂದ ನಾನು ಎಲ್ಲರಿಗೂ ಹಾಗೇ ಹೇಳುತ್ತೇನೆ.

ಆದರೆ ಅವತ್ತು ಹೊಸ ವ್ಯವಸ್ಥೆ ಎಷ್ಟು ಇಳಿದಿದೆ ಅಂತ ಪರದೆಯ ಮೇಲೆ ತೋರಿಸುವ ಗೆರೆ ನೂರಕ್ಕೆ ತೊಂಬತ್ತೊಂಬತ್ತರ ತನಕ ಬಂದು ಅಲ್ಲೇ ನಿಂತಿತು. ಮೂರು ಗಂಟೆ ಆಯಿತು, ನಾಲ್ಕಾಯಿತು. ನಾನು ಕೂತೆ, ಎದ್ದೆ, ಬಾಗಿಲಿಗೆ ಹೋಗಿ ಬಸ್ಸಿನ ದಿಕ್ಕು ನೋಡಿದೆ, ಮತ್ತೆ ಬಂದೆ. ನಡುವೆ ಬಿಟ್ಟುಹೋದರೆ ಅವನ ಮಷಿನ್ ಕೆಡುತ್ತದೆ. ಕೂತರೆ ನನ್ನ ಖೋಲಿ ಹೋಗುತ್ತದೆ, ಅಕ್ಕನ ಮಾತು ಹೋಗುತ್ತದೆ. ಒಳಗೆ ನೂಲಿನ ಕಂಡಿಕೆ ಸುತ್ತುತ್ತಿದ್ದ ಅವನ ಹೆಂಡತಿ ಗಂಡನಿಗೆ ಹೇಳಿದಳು, "ಅವರಿಗಿ ಮಗ್ಗ ಮಾತ್ರ ಕಲಸಬ್ಯಾಡ್ರಿ. ಸೆರಗ ಹುನಗುಂದದಾಗ ನೇಯ್ದು, ಮೈ ಬಾದಾಮ್ಯಾಗ ನೇಯ್ತಾರ."

ಐದಕ್ಕೆ ಗೆರೆ ತುಂಬಿತು. ನೇಕಾರ ಮೋಟರ್ ಸೈಕಲ್ ಮೇಲೆ ಹುನಗುಂದಕ್ಕೆ ಬಿಟ್ಟ. ಅಲ್ಲಿಂದ ಬಸ್ಸು. ಕಮತಗಿ ದಾಟುವಾಗಲೇ ಸೂರ್ಯ ಮುಳುಗಿದ್ದ. ಅಕ್ಕ ದಿನಾ ಏಳಕ್ಕೆ ದೀಪ ಹಚ್ಚುತ್ತಾಳೆ. ಮನೆ ಮುಂದೆ ಇಳಿದಾಗ ನನ್ನ ಫೋನಿನಲ್ಲಿ ಏಳು ಇಪ್ಪತ್ತು.

ಮನೆಯೊಳಗೆ ಇನ್ನೂ ದೀಪವಿಲ್ಲ. ದೇವರ ಮುಂದೆ ಅಕ್ಕ ಕೂತಿದ್ದಾಳೆ. ಮುಂದೆ ಮುರಿದ ಕಡ್ಡಿಗಳ ಗುಡ್ಡೆ. "ಏನ್ ಮಾಡ್ಲಿ, ಕಡ್ಡಿ ತ್ಯಾವ ಆಗ್ಯಾವು, ಹತ್ತವಲ್ಲವು," ಅನ್ನುತ್ತಿದ್ದಾಳೆ. ಹದಿನೈದು ದಿನದಿಂದ ಬಾಗಲಕೋಟೆಯಲ್ಲಿ ಒಂದು ಹನಿ ಬಿದ್ದಿರಲಿಲ್ಲ.

ಮಾಮಾ ಏನನ್ನುತ್ತಾರೋ ಅಂತ ಚಪ್ಪಲಿ ಬಿಚ್ಚದೆ ಬಾಗಿಲಲ್ಲೇ ನಿಂತೆ. ಅವರು ಗೋಡೆಯ ಗಡಿಯಾರದ ಕಡೆಗೆ ಬೊಟ್ಟು ಮಾಡಿದರು. ಅದರಲ್ಲಿ ಏಳಕ್ಕೆ ಹತ್ತು ನಿಮಿಷ ಕಡಿಮೆ.

"ನಿನ್ನ ತಮ್ಮಗ ಹೇಳು," ಅಂದರು ಅಕ್ಕನಿಗೆ, "ಓಡಿ ಬರೂ ಜರೂರ ಇದ್ದಿಲ್ಲ ಅಂತ."

೬. ಖಂಡೇ ಪೂಜಿ

ನವಮಿಯ ದಿನ ನಮ್ಮಲ್ಲಿ ದುಡಿಯುವ ಸಾಮಾನಿಗೆಲ್ಲ ಪೂಜೆ. ಅಕ್ಕನ ನೇಮ ಇನ್ನೂ ಕಡಕ್. ಮನೆಯಲ್ಲಿ ವರ್ಷವಿಡೀ ಕೈಯಾಡಿಸಿದ ಸಾಮಾನು ಒಂದೂ ಪೂಜೆಗೆ ತಪ್ಪಬಾರದು, ತಪ್ಪಿದ್ದು ಮುಂದಿನ ವರ್ಷ ಕೈ ಕೊಡುತ್ತದೆ. ಇಟ್ಟದ್ದನ್ನು ಮರುದಿನ ಬನ್ನಿ ಕೊಡುವ ತನಕ ಯಾರೂ ಮುಟ್ಟಬಾರದು.

ಹಿಂದಿನ ಸಂಜೆಯೇ ನಾವು ನಮ್ಮ ನಮ್ಮ ಸಾಮಾನು ದೇವರ ಜಗುಲಿಯ ಮುಂದೆ ಜೋಡಿಸಿದ್ದೆವು. ಈಳಿಗೆ, ಕತ್ತರಿ, ಹೊಲಿಗೆ ಮಷಿನ್ನಿನ ಗಾಲಿ, ಮಾಮಾನ ಕಂಪಾಸು, ನನ್ನ ಸ್ಕ್ರೂಡ್ರೈವರು, ಪೆನ್‌ಡ್ರೈವು. ಬೆಳಿಗ್ಗೆ ಅಕ್ಕ ವಿಭೂತಿ ಹಚ್ಚುತ್ತ, ಚೆಂಡು ಹೂವು ಇಡುತ್ತ ಹೋದವಳು ಒಂದು ಕಡೆ ನಿಂತಳು. ಮಿಕ್ಸರಿನ ಹಿಂದೆ, ಹೂವಿನ ರಾಶಿಯ ಕೆಳಗೆ, ಒಂದು ಕೈಮಷಿನ್. ಅದಕ್ಕೆ ಆಗಲೇ ಯಾರೋ ಮೂರು ಬೆರಳಿನ ವಿಭೂತಿ ಎಳೆದಿದ್ದರು.

"ನಿಂದೇನೋ?"

ಹಳದಿ ಸ್ಟಿಕ್ಕರು ಕಂಡಿತು. "ನಂದಲ್ಲಕ್ಕಾ. ಕಾಕಾ ತರೂ ಮಷಿನ್. ಯಾರೋ ಜಡ್ಜ್ ಸಾಹೇಬರದು."

ಕಾಕಾನನ್ನು ಕರೆಸಿದೆವು. "ನಾ ಹೇಳೂದಿಲ್ಲವಾ," ಅಂದರು ಕಾಕಾ, ಮಾಮಾನ ಕಡೆ ನೋಡುತ್ತ. ಮಾಮಾ ತಲೆ ಎತ್ತಿ ಮಾಡು ನೋಡುತ್ತಿದ್ದರು.

ನಾನು ಟ್ರಂಕಿನಿಂದ ಚೀಟಿಗಳನ್ನು ತಂದು ಅಕ್ಕನ ಕೈಗೆ ಕೊಟ್ಟೆ. ಅವಳು ಒಂದು ಓದಿದಳು, ಎರಡು ಓದಿದಳು. "ಲೇ ಮಬ್ಬಾ! ದತ್ತ, ಸಾಧನೀಯ! ಇದು ಗಣಿತದಾಗ ಪ್ರಮೇಯ ಬರಿಯೂ ರೀತಿ. ಈ ಮನ್ಯಾಗ ಜಡ್ಜ್ ಯಾರದಾರ? ಇವರ ಕೈ ಬರಹ ಸುದ್ದಾ ಗೊತ್ತಾಗ್ಲಿಲ್ಲೇನ ನಿನಗ?"

ಹೇಗೆ ಗೊತ್ತಾಗಬೇಕು? ಪ್ರಮೇಯ ಶುರುವಾಗುವ ಮೊದಲೇ ನಾನು ಸಾಲಿ ಬಿಟ್ಟಿದ್ದೆ. ಮಾಮಾನ ಅಕ್ಷರ ನನಗೆ ಕೆಂಪು ಶಾಯಿಯಲ್ಲಷ್ಟೇ ಪರಿಚಯ.

"ಪೂಜಿಗೆ ತಪ್ಪಸಾಕ ಧೈರ್ಯ ಆಗ್ಲಿಲ್ಲ," ಅಂದರು ಮಾಮಾ ಮೆಲ್ಲಗೆ. "ಮುಂದಿನ ವರ್ಷ ಕೈ ಕೊಟ್ರ?"

ಅಕ್ಕನಿಗೆ ಒಂದೊಂದೇ ಹೊಳೆಯತೊಡಗಿತು. "ಅಂದ್ರ ಅವತ್ತು ಗಡಿಯಾರ ಹಿಂದ ತಿರುಗಿಸಿದಾವ್ರು..."

"ನನ್ನ ಮಷಿನ್ ಅವನ ಚೀಲದಾಗಿತ್ತು!" ಅಂದರು ಮಾಮಾ. "ಟ್ಯೂಶನ್‌ದವರು ಬಂದು ಕುಂತ್ರ ಅದನ್ನ ಯಾರು ಸರಿ ಮಾಡಾವ್ರು?"

ಅಕ್ಕ ಅಲ್ಲೇ ಹುಕುಂ ಹೊರಡಿಸಿದಳು. ಇನ್ನು ಮೇಲೆ ದಿನಾ ದೀಪ ಹಚ್ಚಿದ ಮೇಲೆ ಒಂದು ತಾಸು ಆಟ, ಅದಕ್ಕಿಂತ ಒಂದು ನಿಮಿಷ ಹೆಚ್ಚಿಲ್ಲ, ಹಗಲು ಮುಟ್ಟುವಂತಿಲ್ಲ.

ಮರುದಿನ ಬನ್ನಿ. ಮಾಮಾ ಖೋಲಿಗೆ ಬಂದು ನನ್ನ ಕೈಯಲ್ಲಿ ಬನ್ನಿ ಎಲೆ ಇಟ್ಟರು, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅಂದರು. ಎಲೆಯ ಕೆಳಗೆ ಖೋಲಿಯ ಕೀಲಿಕೈ ಇತ್ತು. ಮೂವತ್ತು ವರ್ಷದಲ್ಲಿ ಮೊದಲ ಸಲ, ಅಕ್ಕನಿಗಲ್ಲ, ನನಗೇ ಹೇಳಿದರು: "ನಿಂತಿ. ನಾ ಸೋತೆ." ಬಗ್ಗಿ ಅವರ ಕಾಲು ಮುಟ್ಟಿದೆ.

ಅವರು ಹೋಗಲಿಲ್ಲ. ಬಾಗಿಲು ಮುಂದೆ ಮಾಡಿ ಟ್ರಂಕಿನ ಮೇಲೆ ಕೂತರು.

"ಒಂದ ಮಾತು. ನಿಮ್ಮಕ್ಕನ ಮುಂದ ಆಡಬ್ಯಾಡ. ಅವತ್ತ ಇಳಕಲ್ಲದಾಗ ನೀ ನನಗ ಬುಧವಾರನ ಸಿಕ್ಕಿದ್ದಿ."

"ಅಂದ್ರ?"

"ಅಂಗಡಿಗೆ ಬಂದೆ. ಹುಡುಗ ಒಳಗಿನ ಖೋಲ್ಯಾಗ ಅದಾನ್ರಿ ಅಂದ ಮಾಲಕ. ಕರೀಲಿ ಅಂತ ನಿಂತಾವ, ಅಲ್ಲೇ ಹೊರಗ ಒಬ್ಬ ವಿಮಾನದ ಆಟ ಆಡಾಕತ್ತಿದ್ದ, ನೋಡಿದೆ. ಒಂದ ಆಟ ಆಡಿ ಕರ್ಕೊಂಡ ಹೋಗೂಣು ಅಂತ ಕುಂತೆ. ಎರಡನೇ ಹಂತ ದಾಟೂದರಾಗ ಬಸ್ಸಿನ ಹೊತ್ತಾತು. ಗುರುವಾರ ಮತ್ತ ಬಂದೆ. ಮೂರನೇ ಹಂತದಾಗ ಸುಟ್ಟು ಹೋತು. ಶುಕ್ರವಾರ ಭಾಳ ಪ್ರಯತ್ನ ಮಾಡಿದೆ. ಆಗಲಿಲ್ಲ. ಬರೇ ಕೈಲೆ ಮನಿಗಿ ಹೆಂಗ ಹೋಗೂದು, ನಿನ್ನ ಕರಕೊಂಡ ಹೋದೆ."

ನನ್ನ ಬೆನ್ನಿಗೆ ಬಿದ್ದ ಎರಡೂ ನೆನಪಾದವು. "ಮಾಮಾ, ಮಜ್ಜಿಗಿ ನೀವು ಕುಡದ್ರಿ!"

"ಚಪ್ಪಲಿ ಖರೇನ ಸವದಿದ್ವೋ," ಅಂದರು ಮಾಮಾ. "ವಿಮಾನ ತಿರುವ್ಯಾಗ ನೆಲಕ್ಕ ಕಾಲ ಒತ್ತಿ ಹಿಡೀತಿದ್ದೆ."

೭. ಪ್ರಸ್ಥಾನ

ಕೀಲಿಕೈ ಕಿಸೆಗೆ ಬಿದ್ದ ಮೇಲೆ ಹೊರಗೆ ಹೋಗುವ ಆಸೆ ಇನ್ನೂ ಜೋರಾಯಿತು. ಖೋಲಿ ಹೋಗುತ್ತದೆ ಅನ್ನುವ ಹೆದರಿಕೆ ಇರುವವನು ದೂರ ಹೋಗಲಾರ. ಅದು ಅಲ್ಲೇ ಇರುತ್ತದೆ ಅಂತ ಗೊತ್ತಾದವನಿಗೆ ಯಾವ ಊರೂ ದೂರವಲ್ಲ. ಈ ನಡುವೆ ಇನ್ನೊಂದು ಕಂಪನಿಯ ಮಷಿನ್ನಿಗೂ ಆ ವ್ಯವಸ್ಥೆ ಹೊಂದಿಕೊಂಡಿತು ಅಂತ ಸುದ್ದಿ ಬಂತು. ಗದಗಿನಿಂದ, ಕೊಪ್ಪಳದಿಂದ ಫೋನು. ಮಂಗಳವಾರ ಹೊರಡುತ್ತೇನೆ ಅಂದೆ.

"ಮತ್ತ ಮಂಗಳವಾರ!" ಅಂತ ಅಕ್ಕ ಹಣೆ ಬಡಿದುಕೊಂಡಳು. "ಮೊದಲ ಸಲಾನೂ ಮಂಗಳವಾರ ಹೋಗಿ ಮೂವತ್ತು ವರ್ಷ ತಿರಗಿದಿ."

ಮಂಗಳವಾರ ಮನೆಯಿಂದ ಹೊರಡಬಾರದು. ಹೊರಡಲೇಬೇಕಾದರೆ ಪ್ರಸ್ಥಾನ ಇಡುವುದು ಪದ್ಧತಿ. ಅಂದರೆ ಹಿಂದಿನ ದಿನವೇ ಗಂಟು ಕಟ್ಟಿ ಬೇರೆಯವರ ಮನೆಯಲ್ಲಿ ಇಟ್ಟುಬರಬೇಕು, ಪ್ರಯಾಣ ಅವತ್ತೇ ಶುರುವಾದ ಹಾಗೆ. ಇಟ್ಟ ಗಂಟನ್ನು ಮನೆಗೆ ವಾಪಸು ತರುವಂತಿಲ್ಲ. ಸೋಮವಾರ ಸಂಜೆ ನಾನು ಚೀಲ ತುಂಬಿದೆ, ಅಕ್ಕ ಮೇಲೊಂದು ಗಂಟು ಖಡಕ್ ರೊಟ್ಟಿ ಇಟ್ಟಳು, ಎದುರು ಮನೆ ಕಾಕಾನ ಪಡಸಾಲೆಯಲ್ಲಿ ಇಟ್ಟು ಬಂದೆವು.

ದೀಪ ಹಚ್ಚಿದ ಮೇಲೆ ಮಾಮಾ ತಮ್ಮ ತಾಸಿನ ಆಟಕ್ಕೆ ಕೂತರು. ಮಷಿನ್ ಸಿಗಲಿಲ್ಲ. ತಿದ್ದುಪಡಿ ಹಾಕಲಿಕ್ಕೆ ಅಂತ ಅವರೇ ಬೆಳಿಗ್ಗೆ ನನ್ನ ಕೈಯಲ್ಲಿ ಕೊಟ್ಟಿದ್ದರು. ಅದು ಚೀಲದಲ್ಲಿ ಸೇರಿಹೋಗಿತ್ತು.

"ತಗೊಂಡು ಬರ್ಲ್ಯಾ?" ಅಂದರು.

"ಪ್ರಸ್ಥಾನದ ಚೀಲ ಮನಿಗಿ ತರಬಾರದು," ಅಂದಳು ಅಕ್ಕ. "ಒಂದ ದಿನಾ ಆಡ್ಲಿಲ್ಲಂದ್ರ ಜೀವ ಹೋಗೂದಿಲ್ಲ."

ಮಂಗಳವಾರ ಬೆಳಿಗ್ಗೆ ಎದ್ದರೆ ಮಾಮಾ ಮನೆಯಲ್ಲಿಲ್ಲ. "ಕಣ್ಣಿಗಿ ಹಾಕೂ ಚಾಳೀಸ ಕಾಕಾರ ಮನ್ಯಾಗ ಮರತಾರಂತ, ಹುಡುಕಾಕ ಹೋಗ್ಯಾರ," ಅಂದಳು ಅಕ್ಕ. ಚಹಾ ಕುಡಿದು, ಕೀಲಿ ಹಾಕಿ, ಅವಳ ಕಾಲು ಮುಟ್ಟಿ, ಚೀಲ ತರಲು ಎದುರು ಮನೆಗೆ ಹೋದೆ.

ಪಡಸಾಲೆಯ ತುಂಬ ನನ್ನ ಸಾಮಾನು. ಅಂಗಿ ಒಂದು ಕಡೆ, ರೊಟ್ಟಿ ಒಂದು ಕಡೆ. ಖಾಲಿ ಚೀಲಕ್ಕೆ ಬೆನ್ನು ಕೊಟ್ಟು ಮಾಮಾ ಕೂತಿದ್ದಾರೆ, ಪಕ್ಕದಲ್ಲಿ ಕಾಕಾ ಉಸಿರು ಬಿಗಿ ಹಿಡಿದು ನೋಡುತ್ತಿದ್ದಾರೆ. ಇಬ್ಬರೂ ನನ್ನ ಕಡೆ ಕಣ್ಣೆತ್ತಲಿಲ್ಲ.

"ಮನಿಗಿ ತಂದಿಲ್ಲಲ್ಲ," ಅಂದರು ಮಾಮಾ. "ಇಲ್ಲೇ ಆಡಾಕತ್ತೇನಿ. ಸುಮ್ಮಕಿರು, ಮೂರನೇ ಹಂತ."

ನಾನು ನೆಲಕ್ಕೆ ಕೂತು ಅಂಗಿ ಮಡಿಚಿದೆ, ವೈರು ಸುತ್ತಿದೆ, ಪೆನ್‌ಡ್ರೈವು ಹುಡುಕಿ ಕಿಸೆಗೆ ಹಾಕಿದೆ, ರೊಟ್ಟಿಯ ಗಂಟು ಕಟ್ಟಿದೆ. ಮಾಮಾನ ಬೆನ್ನ ಹಿಂದಿನಿಂದ ಚೀಲವನ್ನು ಮೆಲ್ಲಗೆ ಎಳೆದುಕೊಂಡು ಎಲ್ಲ ಮತ್ತೆ ತುಂಬತೊಡಗಿದೆ. ಗದಗಿನ ಬಸ್ಸು ಹಾರ್ನ್ ಹೊಡೆದು ಹೋಯಿತು. ಮಾಮಾನ ಎರಡೂ ಕಾಲು ನೆಲಕ್ಕೆ ಒತ್ತಿದ್ದವು, ವಿಮಾನ ತಿರುವಿನಲ್ಲಿತ್ತು.

ಆ ಕಡೆಯ ಬಾಗಿಲಿನಿಂದ ಅಕ್ಕನ ದನಿ ಬಂತು. "ಏನ್ರೀ! ಚಾಳೀಸ ಸಿಕ್ಕಿತೇನ್ರೀ?"

ಮಾಮಾ ಮೂಗಿನ ಮೇಲಿನ ಚಾಳೀಸನ್ನು ಒಂದು ಬೆರಳಿನಿಂದ ಮೇಲೆ ಸರಿಸಿ, ಪರದೆಯಿಂದ ಕಣ್ಣು ತೆಗೆಯದೆ ಕೂಗಿದರು.

"ಹುಡುಕಾಕತ್ತೇನೀ!"